ಮೂರು ತಂತಿಯ ಮಾತುಕತೆ

ಹಳ್ಳಿಯ ಹಾಲಿನ ಡೇರಿಗೆ ಹೋದವರೆಲ್ಲ ಮೇಜಿನ ಮುಂದೆ ನಿಲ್ಲುತ್ತಾರೆ. ಈ ಅಧ್ಯಾಯದ ಮಟ್ಟಿಗೆ ನಾವು ಮೇಜಿನ ಹಿಂಬದಿಗೆ ಹೋಗೋಣ. ಮುಂದೆ ಕಾಣುವುದು ಹಾಲು ತೂಗುವ ಯಂತ್ರ, ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಹೇಳುವ ಅನಲೈಸರ್, ಒಂದು ಕಂಪ್ಯೂಟರ್, ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರ್. ಹಿಂದೆ ಕಾಣುವುದು ದೂಳು ಹಿಡಿದ ಕೇಬಲ್‌ಗಳ ಗೋಜಲು. ಅದರಲ್ಲಿ ತೂಕದ ಯಂತ್ರದಿಂದ, ಅನಲೈಸರಿನಿಂದ ಹೊರಟ ಕೇಬಲ್‌ಗಳ ತುದಿ ಬಹಳ ಕಡೆ ಇವತ್ತಿಗೂ ಹಳೇ ಕಾಲದ್ದೇ: ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲೋಹದ ಕವಚ, ಒಳಗೆ ಮೇಲಿನ ಸಾಲಿನಲ್ಲಿ ಐದು, ಕೆಳಗಿನ ಸಾಲಿನಲ್ಲಿ ನಾಲ್ಕು ಪಿನ್ನು, ಅಕ್ಕಪಕ್ಕ ಎರಡು ತಿರುಪು. ಇದು ಸೀರಿಯಲ್ ಪೋರ್ಟ್. ಆರ್‌ಎಸ್-232 ಎಂಬುದು ಅದರ ದಾಖಲೆಯ ಹೆಸರು.

ರೈತನ ಹಾಲಿನ ತೂಕವೂ ಫ್ಯಾಟಿನ ಅಂಕಿಯೂ ಈ ಕೇಬಲ್‌ಗಳ ಮೂಲಕವೇ ಕಂಪ್ಯೂಟರಿಗೆ ಹೋಗಿ ಚೀಟಿಯಾಗಿ ಹೊರಬರುತ್ತವೆ. ಕೈಯಲ್ಲಿ ಬರೆದುಕೊಂಡರೆ ಆಗದೇ ಎಂದರೆ, ಆಗುತ್ತದೆ. ಎಷ್ಟೋ ವರ್ಷ ಹಾಗೆಯೇ ನಡೆದಿದೆ. ಆದರೆ 8.64 ಎಂದು ಕಂಡದ್ದನ್ನು 8.46 ಎಂದು ಬರೆಯುವುದಕ್ಕೆ ಕೆಟ್ಟ ಮನಸ್ಸೇ ಬೇಕೆಂದಿಲ್ಲ, ನಿದ್ದೆಗಣ್ಣು ಸಾಕು. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತ ಸೂಕ್ಷ್ಮ ತಕ್ಕಡಿ, ಕಾಲೇಜಿನ ಭೌತವಿಜ್ಞಾನ ವಿಭಾಗದ ಮಲ್ಟಿಮೀಟರ್ ಎಲ್ಲಕ್ಕೂ ಇದೇ ಕಾರಣ. ಅಳೆದ ಅಂಕಿ ಮನುಷ್ಯರ ಕಣ್ಣು-ಕೈ ದಾಟದೆ ನೇರ ದಾಖಲಾಗಬೇಕು.

ಈ ಪೋರ್ಟನ್ನು ಅಳತೆಯ ಉಪಕರಣಗಳಿಗಾಗಿ ಯಾರೂ ರೂಪಿಸಲಿಲ್ಲ. ಆರ್‌ಎಸ್-232 ಮೊದಲು ಪ್ರಕಟವಾದದ್ದು ಅಮೆರಿಕದಲ್ಲಿ, 1960ರಲ್ಲಿ. ಬಹುಕಾಲ ಬಳಕೆಯಲ್ಲಿದ್ದ ಅದರ ಸಿ ಆವೃತ್ತಿ 1969ರದ್ದು. ಆಗಿನ ಸಮಸ್ಯೆ ಬೇರೆ. ಒಂದು ಕಡೆ ಟೆಲಿಪ್ರಿಂಟರ್ ಅಥವಾ ಟರ್ಮಿನಲ್, ಇನ್ನೊಂದು ಕಡೆ ಟೆಲಿಫೋನ್ ಲೈನಿಗೆ ಜೋಡಿಸಿದ ಮೋಡೆಮ್, ಇವೆರಡರ ನಡುವಿನ ಕೇಬಲ್ ಹೇಗಿರಬೇಕು ಎಂಬುದಷ್ಟೇ. ತಕ್ಕಡಿ ತಯಾರಿಸುವವರು, ವೋಲ್ಟ್‌ಮೀಟರ್ ತಯಾರಿಸುವವರು ಆಮೇಲೆ ಬಂದು ಇದನ್ನೇ ಬಳಸಿಕೊಂಡರು. ಟರ್ಮಿನಲ್ಲಿಗೊಂದು ನಿಯಮ, ಮೋಡೆಮ್ಮಿಗೊಂದು ನಿಯಮ ಎಂದು ದಾಖಲೆಯಲ್ಲಿತ್ತು. ತಕ್ಕಡಿ ಈ ಎರಡರಲ್ಲಿ ಯಾವುದು? ಒಬ್ಬ ತಯಾರಕ ಟರ್ಮಿನಲ್ ಅಂದುಕೊಂಡ, ಇನ್ನೊಬ್ಬ ಮೋಡೆಮ್ ಅಂದುಕೊಂಡ. ಇವತ್ತಿಗೂ ಹೊಸ ಉಪಕರಣವನ್ನು ಜೋಡಿಸುವಾಗ ಎದುರಾಗುವ ಮೊದಲ ತಲೆನೋವಿಗೆ ಮೂಲ ಇಲ್ಲಿದೆ. ಅದಕ್ಕೆ ಆಮೇಲೆ ಬರೋಣ. ತಂತಿಯೊಳಗೆ ಏನು ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಒಂದೇ ಒಂದು ಅಕ್ಷರ ತೆಗೆದುಕೊಳ್ಳೋಣ, ಇಂಗ್ಲಿಷಿನ ದೊಡ್ಡ ಎಸ್. ಮೆಟ್ಲರ್ ಟೊಲೆಡೊ ಕಂಪನಿಯ ತಕ್ಕಡಿಗಳ ಭಾಷೆಯಲ್ಲಿ ಈ ಅಕ್ಷರಕ್ಕೆ ಅರ್ಥವಿದೆ: ‘ತೂಕ ಸ್ಥಿರವಾದ ಮೇಲೆ ಹೇಳು.’ ಕಂಪ್ಯೂಟರಿನ ಲೆಕ್ಕದಲ್ಲಿ ಎಸ್ ಅಂದರೆ 83. ಎಂಟು ಬಿಟ್‌ಗಳಲ್ಲಿ ಬರೆದರೆ 01010011. ಇದನ್ನು ಎಂಟು ತಂತಿಗಳಲ್ಲಿ ಒಟ್ಟಿಗೆ ಕಳಿಸಬಹುದಿತ್ತು. ಹಳೆಯ ಪ್ರಿಂಟರ್‌ಗಳ ದಪ್ಪ ಕೇಬಲ್ ಮಾಡುತ್ತಿದ್ದದ್ದು ಅದನ್ನೇ. ಸೀರಿಯಲ್ ಪೋರ್ಟಿನಲ್ಲಿ ಎಂಟೂ ಬಿಟ್‌ಗಳು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಹೋಗುತ್ತವೆ, ಅದೂ ಬಲತುದಿಯ ಬಿಟ್ಟಿನಿಂದ ಶುರುವಾಗಿ: 1, 1, 0, 0, 1, 0, 1, 0. ಮುಂದೆ ಒಂದು ಸೊನ್ನೆ, ಅದು ಆರಂಭದ ಬಿಟ್. ಕೊನೆಗೆ ಒಂದು ಒಂದು, ಅದು ಮುಕ್ತಾಯದ ಬಿಟ್. ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್.

ತಂತಿಯಲ್ಲಿ ಇವು ವೋಲ್ಟೇಜಿನ ರೂಪದಲ್ಲಿರುತ್ತವೆ, ಅದೂ ನಾವು ಊಹಿಸುವುದಕ್ಕೆ ತದ್ವಿರುದ್ಧ. ಒಂದು ಎಂದರೆ ಮೈನಸ್ ವೋಲ್ಟ್, ಸೊನ್ನೆ ಎಂದರೆ ಪ್ಲಸ್ ವೋಲ್ಟ್. ಕಳಿಸುವ ಕಡೆ ಮೈನಸ್ 5ರಿಂದ ಮೈನಸ್ 15ರವರೆಗೆ ಇದ್ದರೆ ಒಂದು. ಪ್ಲಸ್ 5ರಿಂದ ಪ್ಲಸ್ 15ರವರೆಗೆ ಇದ್ದರೆ ಸೊನ್ನೆ. ಕೇಳಿಸಿಕೊಳ್ಳುವ ಕಡೆ 3 ವೋಲ್ಟ್ ದಾಟಿ ಬಂದರೂ ಸಾಕು. ನಡುವೆ ಇಷ್ಟು ಅಂತರ ಬಿಟ್ಟಿರುವುದರಿಂದಲೇ ಮೋಟಾರು, ಟ್ಯೂಬ್‌ಲೈಟಿನ ಗದ್ದಲದ ನಡುವೆಯೂ ಈ ಸಂಕೇತ ಕೆಡದೆ ತಲಪುತ್ತದೆ. ಮಾತಿಲ್ಲದಾಗ ತಂತಿ ಮೈನಸ್ ವೋಲ್ಟಿನಲ್ಲೇ ನಿಂತಿರುತ್ತದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ನಿಜವಾದ ಪ್ರಶ್ನೆ. ಬಿಟ್‌ಗಳು ಹೋದವು, ಸರಿ. ಒಂದು ಬಿಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಅತ್ತ ಕಡೆಯ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಎಸ್ ಅಕ್ಷರದಲ್ಲೇ ಎರಡು ಒಂದುಗಳು ಅಕ್ಕಪಕ್ಕ ಇವೆ, ಎರಡು ಸೊನ್ನೆಗಳೂ ಹಾಗೇ. ತಂತಿಯಲ್ಲಿ ಅದು ಒಂದೇ ಉದ್ದದ ಮೈನಸ್, ಒಂದೇ ಉದ್ದದ ಪ್ಲಸ್. ತಾಳ ಹಾಕಲು ಬೇರೆ ತಂತಿಯೂ ಇಲ್ಲ. ಇದಕ್ಕೆ ಇರುವ ಉಪಾಯ, ಎರಡೂ ಕಡೆಯವರು ಮೊದಲೇ ಒಂದು ವೇಗಕ್ಕೆ ಒಪ್ಪಿಕೊಂಡಿರುವುದು. ಆ ವೇಗ ಸೆಕೆಂಡಿಗೆ 9600 ಬಿಟ್ ಎಂದಿಟ್ಟುಕೊಳ್ಳಿ, ಆಗ ಒಂದು ಬಿಟ್ಟಿನ ಆಯುಸ್ಸು ಸುಮಾರು 104 ಮೈಕ್ರೊಸೆಕೆಂಡ್. ಮೈನಸ್‌ನಲ್ಲಿ ನಿಂತಿದ್ದ ತಂತಿ ಫಕ್ಕನೆ ಪ್ಲಸ್‌ಗೆ ಹಾರಿತೋ, ಆರಂಭದ ಬಿಟ್ ಬಂತೆಂದು ಅರ್ಥ. ಅಲ್ಲಿಂದ ಕೇಳುವ ಯಂತ್ರ ತನ್ನ ಗಡಿಯಾರ ಎಣಿಸತೊಡಗುತ್ತದೆ. ಅರ್ಧ ಬಿಟ್ಟಿನಷ್ಟು ಹೊತ್ತು ಕಾದು, ತಂತಿ ಇನ್ನೂ ಪ್ಲಸ್‌ನಲ್ಲೇ ಇದೆಯೇ ಅಥವಾ ಬರೀ ಗದ್ದಲವೇ ಎಂದು ಇನ್ನೊಮ್ಮೆ ನೋಡುತ್ತದೆ. ಆಮೇಲೆ ಪ್ರತಿ 104 ಮೈಕ್ರೊಸೆಕೆಂಡಿಗೊಮ್ಮೆ, ಅಂದರೆ ಪ್ರತಿ ಬಿಟ್ಟಿನ ನಟ್ಟನಡುವೆ, ತಂತಿಯ ವೋಲ್ಟೇಜನ್ನು ನೋಡಿ ಬರೆದುಕೊಳ್ಳುತ್ತದೆ. ಹತ್ತು ಬಿಟ್ಟಿಗೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಎಸ್ ಬಂದು ಸೇರಿತು.

ಎರಡು ಗಡಿಯಾರಗಳು ಎಂದೂ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಓಡಬೇಕಾಗಿಯೂ ಇಲ್ಲ. ಗಾಯಕನೂ ಮೃದಂಗದವನೂ ಆವರ್ತನದ ನಡುವೆ ಕೂದಲೆಳೆಯಷ್ಟು ಹಿಂದೆಮುಂದೆಯಾದರೂ ಸಮಕ್ಕೆ ಬಂದು ಕೂಡಿಕೊಳ್ಳುವ ಹಾಗೆ, ಪ್ರತಿ ಆರಂಭದ ಬಿಟ್ಟಿನಲ್ಲಿ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ತಪ್ಪು ಕೂಡುತ್ತಾ ಹೋಗಲು ಸಿಗುವುದು ಹತ್ತು ಬಿಟ್ಟಿನ ಅವಧಿ ಮಾತ್ರ. ಅಷ್ಟರಲ್ಲಿ ಅರ್ಧ ಬಿಟ್ಟಿಗಿಂತ ಹೆಚ್ಚು ಜಾರದಿದ್ದರೆ ಕೆಲಸ ಕೆಡುವುದಿಲ್ಲ. ಲೆಕ್ಕ ಹಾಕಿದರೆ ಎರಡು ಗಡಿಯಾರಗಳ ನಡುವೆ ಸುಮಾರು ನೂರಕ್ಕೆ ಐದರಷ್ಟು ವ್ಯತ್ಯಾಸದವರೆಗೆ ಸಹಿಸಬಹುದು. ಎಂಜಿನಿಯರುಗಳು ಒಂದೊಂದು ಕಡೆಗೆ ನೂರಕ್ಕೆ ಎರಡರ ಒಳಗೆ ಇಟ್ಟುಕೊಳ್ಳುತ್ತಾರೆ. ಇಷ್ಟು ಉದಾರ ನಿಯಮ ಬಂದದ್ದು ಟೆಲಿಪ್ರಿಂಟರ್ ಕಾಲದಿಂದ. ಅಲ್ಲಿ ಗಡಿಯಾರವೆಂದರೆ ತಿರುಗುವ ಮೋಟಾರು. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುತ್ತಿತ್ತು. ಒಂದೊಂದು ಅಕ್ಷರಕ್ಕೆ ಹನ್ನೊಂದು ಬಿಟ್, ಏಕೆಂದರೆ ಅದರ ಯಂತ್ರಭಾಗಗಳು ನಿಂತು ಮತ್ತೆ ಹೊರಡಲು ಎರಡು ಮುಕ್ತಾಯದ ಬಿಟ್ ಬೇಕಾಗುತ್ತಿತ್ತು. ಹತ್ತು ಹನ್ನೊಂದಲೆ ನೂರಹತ್ತು. ಹಳೆಯ ಉಪಕರಣಗಳ ಮೆನುವಿನಲ್ಲಿ ಇಂದಿಗೂ 110 ಬಾಡ್ (ಅಂದರೆ ಇಲ್ಲಿ ಸೆಕೆಂಡಿಗೆ 110 ಬಿಟ್) ಎಂಬ ವಿಚಿತ್ರ ಆಯ್ಕೆ ಕಂಡರೆ, ಅದು ಈ ಮೋಟಾರಿನ ಪಳೆಯುಳಿಕೆ.

ಈ ಎಣಿಕೆಯ ಕೆಲಸ ಮಾಡುವ ವಿದ್ಯುನ್ಮಾನ ಭಾಗಕ್ಕೆ ಯುಆರ್ಟ್ ಎನ್ನುತ್ತಾರೆ. ಡಿಇಸಿ ಕಂಪನಿಯ ಗಾರ್ಡನ್ ಬೆಲ್ ಪಿಡಿಪಿ ಕಂಪ್ಯೂಟರಿಗಾಗಿ ಇದನ್ನು ಮೊದಲು ರೂಪಿಸಿದಾಗ ಅದೊಂದು ಇಡೀ ಸರ್ಕ್ಯೂಟ್ ಬೋರ್ಡು. 1970ರ ದಶಕದ ಆರಂಭದಲ್ಲಿ ವೆಸ್ಟರ್ನ್ ಡಿಜಿಟಲ್ ಅದನ್ನು ಒಂದೇ ಚಿಪ್ಪಿಗೆ ಇಳಿಸಿತು. 1981ರ ಐಬಿಎಂ ಪಿಸಿಯಲ್ಲಿದ್ದದ್ದು 8250 ಎಂಬ ಯುಆರ್ಟ್ ಚಿಪ್. ಅದಕ್ಕೆ ಸೆಕೆಂಡಿಗೆ 18,43,200 ಸಲ ಬಡಿಯುವ ಗಡಿಯಾರ. ಪ್ರತಿ ಬಿಟ್ಟಿಗೆ ಹದಿನಾರು ಬಡಿತ ಬೇಕಾದ್ದರಿಂದ ಹದಿನಾರರಿಂದ ಭಾಗಿಸಿ, 115200. ಅದನ್ನು ಹನ್ನೆರಡರಿಂದ ಭಾಗಿಸಿದರೆ 9600. ಇಂದಿನ ಲ್ಯಾಪ್‌ಟಾಪಿನಲ್ಲೂ ಈ ಅಡ್ಡಾದಿಡ್ಡಿ ಅಂಕಿಗಳೇ ಪಟ್ಟಿಯಲ್ಲಿ ಕಾಣುವುದು ಈ ಕಾರಣಕ್ಕೆ. ಹತ್ತು ಸಾವಿರ ಎಂದು ಸಲೀಸಾದ ಅಂಕಿ ಇಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು ಅನ್ನಿಸಬಹುದು. ಆ ಕಾಲ ದಾಟಿಹೋಗಿದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ವಿಷಯ ಗಮನಿಸಿದಿರಾ? ವೇಗ ಎಷ್ಟು ಎಂಬುದು ತಂತಿಯಲ್ಲಿ ಎಲ್ಲೂ ಹೋಗುವುದಿಲ್ಲ. ಎಷ್ಟು ಬಿಟ್ಟಿಗೆ ಒಂದು ಅಕ್ಷರ ಎಂಬುದೂ ಹೋಗುವುದಿಲ್ಲ. ಯುಎಸ್‌ಬಿ ಸಾಧನವನ್ನು ಚುಚ್ಚಿದ ಕೂಡಲೇ ಅದು ತಾನು ಯಾರು, ಯಾವ ಕಂಪನಿಯದು, ಯಾವ ವೇಗ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಸೀರಿಯಲ್ ಪೋರ್ಟಿಗೆ ಪರಿಚಯ ಹೇಳಿಕೊಳ್ಳುವ ಪದ್ಧತಿಯೇ ಇಲ್ಲ. ಎರಡೂ ಕಡೆ ಒಂದೇ ಸೆಟ್ಟಿಂಗ್ ಇದೆ ಎಂದು ನಂಬಿಕೊಂಡು ಶುರುಮಾಡುತ್ತದೆ. ನಂಬಿಕೆ ಸುಳ್ಳಾದರೆ ದೂರು ಹೇಳುವುದೂ ಅಪರೂಪ. ಕಸ ಬರುತ್ತದೆ, ಇಲ್ಲವೇ ಮೌನ. ನನ್ನ ಪ್ರಕಾರ ಸೀರಿಯಲ್ ಜೋಡಣೆಯ ಕಲೆಯೆಲ್ಲ ಇರುವುದು ಆ ಕಸವನ್ನೂ ಆ ಮೌನವನ್ನೂ ಓದುವುದರಲ್ಲಿ.

ಕಸದಿಂದಲೇ ಶುರುಮಾಡೋಣ, ಏಕೆಂದರೆ ಕಸ ಬಂದರೆ ಅದು ಒಳ್ಳೆಯ ಸುದ್ದಿ. ತಂತಿ ಸರಿಯಾಗಿದೆ, ಅತ್ತಲಿಂದ ಯಾರೋ ಮಾತಾಡುತ್ತಿದ್ದಾರೆ ಎಂದಾಯಿತು. ಪರದೆ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆ, ಎಲ್ಲೂ ನೋಡದ ಅಕ್ಷರಗಳು ಬಂದರೆ ಮೊದಲ ಅನುಮಾನ ವೇಗದ ಮೇಲೆ. ತಕ್ಕಡಿ ನಿಧಾನ, ಕಂಪ್ಯೂಟರು ವೇಗ ಎಂದಾದರೆ ಒಂದು ಬಿಟ್ಟನ್ನೇ ಕಂಪ್ಯೂಟರು ಹಲವು ಬಿಟ್ಟೆಂದು ಎಣಿಸುತ್ತದೆ, ಬಂದದ್ದಕ್ಕಿಂತ ಹೆಚ್ಚು ಅಕ್ಷರ ಕಾಣುತ್ತವೆ. ತಕ್ಕಡಿ ವೇಗವಾಗಿದ್ದರೆ ಕಡಿಮೆ ಕಾಣುತ್ತವೆ. ತೂಕದ ಒಂದು ಸಾಲಿನಲ್ಲಿ ಎಷ್ಟು ಅಕ್ಷರವಿರಬೇಕೆಂದು ಗೊತ್ತಿದ್ದರೆ, ಕಸದ ಉದ್ದ ನೋಡಿಯೇ ವೇಗವನ್ನು ಹೆಚ್ಚಿಸಬೇಕೋ ಇಳಿಸಬೇಕೋ ಹೇಳಬಹುದು.

ಇನ್ನೊಂದು ಬಗೆಯ ಕಸ ಇನ್ನೂ ಸ್ವಾರಸ್ಯದ್ದು. ವೇಗ ಸರಿಯಿದೆ, ಅಂಕಿಗಳು ಬರುತ್ತಿವೆ, ಆದರೆ ಕೆಲವು ಮಾತ್ರ. 0, 3, 5, 6, 9 ಸರಿಯಾಗಿ ಕಾಣುತ್ತವೆ. 1, 2, 4, 7, 8 ಬರಬೇಕಾದಲ್ಲಿ ಚಿತ್ರವಿಚಿತ್ರ ಗುರುತು. ತಕ್ಕಡಿ ಕೆಟ್ಟಿದೆ ಎಂದು ರಿಪೇರಿಗೆ ಹೊರಡುವ ಮೊದಲು ಆ ಅಂಕಿಗಳ ಬಿಟ್‌ಗಳನ್ನು ಬರೆದು ನೋಡಿ. 3ರ ಸಂಕೇತ 0110011, ಒಂದುಗಳ ಸಂಖ್ಯೆ ನಾಲ್ಕು. 1ರ ಸಂಕೇತ 0110001, ಒಂದುಗಳು ಮೂರು. ಸರಿಯಾಗಿ ಕಂಡ ಐದೂ ಅಂಕಿಗಳಲ್ಲಿ ಒಂದುಗಳ ಸಂಖ್ಯೆ ಸಮ, ಕೆಟ್ಟ ಐದರಲ್ಲೂ ಬೆಸ. ಗುಟ್ಟು ಬಯಲಾಯಿತು. ತಕ್ಕಡಿ ಏಳು ಬಿಟ್ಟಿನ ಅಕ್ಷರ ಕಳಿಸಿ, ಎಂಟನೆಯ ಜಾಗದಲ್ಲಿ ಪ್ಯಾರಿಟಿ ಎಂಬ ತಪಾಸಣೆಯ ಬಿಟ್ ಇಡುತ್ತಿದೆ. ಒಂದುಗಳ ಒಟ್ಟು ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ನೋಡಿಕೊಳ್ಳುವುದು ಆ ಬಿಟ್ಟಿನ ಕೆಲಸ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಸಂಖ್ಯೆ ಬೆಸವಾಗಿ ಸಿಕ್ಕಿಬೀಳುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ‘ಎಂಟು ಬಿಟ್, ಪ್ಯಾರಿಟಿ ಇಲ್ಲ’ ಎಂದು ಇಟ್ಟಿದ್ದೀರಿ. ಅದು ಪ್ಯಾರಿಟಿ ಬಿಟ್ಟನ್ನೂ ಅಕ್ಷರದ ಭಾಗವೆಂದೇ ತಿಳಿಯಿತು. ಪ್ಯಾರಿಟಿ ಸೊನ್ನೆಯಾಗಿದ್ದಾಗ ನಷ್ಟವಿಲ್ಲ, ಒಂದಾಗಿದ್ದಾಗ ಅಂಕಿಗೆ 128 ಸೇರಿ ಬೇರೆಯೇ ಅಕ್ಷರವಾಯಿತು. ಎರಡು ಬಗೆಯಲ್ಲೂ ಒಟ್ಟು ಹತ್ತೇ ಬಿಟ್ ಆದ್ದರಿಂದ ಯಾವ ದೋಷದ ಸೂಚನೆಯೂ ಬರುವುದಿಲ್ಲ. ಇದರ ಉಲ್ಟಾ ಆಗಿ, 1, 2, 4, 7, 8 ಮಾತ್ರ ಸರಿಯಾಗಿ ಬಂದರೆ ತಕ್ಕಡಿಯದು ಬೆಸ ಪ್ಯಾರಿಟಿ. ಕೈಪಿಡಿ ಕಳೆದುಹೋದ ಉಪಕರಣದ ಸೆಟ್ಟಿಂಗನ್ನು ಕಾಗದದ ಮೇಲೆ ಹೀಗೆ ಬಿಡಿಸುವುದರಲ್ಲಿ ಇರುವ ಸಂತೋಷ ಪದಬಂಧ ಬಿಡಿಸುವುದರಲ್ಲೂ ಇಲ್ಲ.

ಮೌನ ಕಷ್ಟ. ಮೌನಕ್ಕೆ ಕಾರಣ ಹಲವು, ಎಲ್ಲವೂ ನೋಡಲು ಒಂದೇ ಥರ. ಅಲ್ಲಿ ಉಳಿಯುವ ದಾರಿ ತಂತಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತುವುದು. ನಮ್ಮಲ್ಲಿ ಬಹಳ ಮಂದಿ ತಲೆಕೆಳಗಾಗಿ ಹೊರಡುತ್ತಾರೆ: ಮೊದಲು ಸಾಫ್ಟ್‌ವೇರ್ ಹಾಕಿ, ಅದು ಓಡದಿದ್ದರೆ ಮತ್ತೆ ಹಾಕಿ, ಕೊನೆಗೆ ಕೇಬಲ್ಲಿನ ಕಡೆ ತಿರುಗುತ್ತಾರೆ. ನೂರಿಪ್ಪತ್ತು ರೂಪಾಯಿಯ ಕೇಬಲ್ಲನ್ನು ಅನುಮಾನಿಸಲು ಯಾಕೋ ನಮಗೆ ಮನಸ್ಸು ಬರುವುದಿಲ್ಲ.

ಮೊದಲ ಮೆಟ್ಟಿಲಿಗೆ ಬೇಕಾದ್ದು ಒಂದು ಯು-ಪಿನ್ ಅಥವಾ ತುಂಡು ತಂತಿ. ಕಂಪ್ಯೂಟರಿನ ಒಂಬತ್ತು ಪಿನ್ನಿನ ಪೋರ್ಟಿನಲ್ಲಿ ಎರಡನೆಯದು ಕೇಳುವ ಪಿನ್, ಮೂರನೆಯದು ಕಳಿಸುವ ಪಿನ್, ಐದನೆಯದು ಗ್ರೌಂಡ್. ನಿಜವಾದ ಮಾತುಕತೆಗೆ ಬೇಕಾದ ತಂತಿಗಳು ಈ ಮೂರೇ. ತಕ್ಕಡಿಯ ಕಡೆಯ ತುದಿಯನ್ನು ಬಿಚ್ಚಿ, ಎರಡು ಮತ್ತು ಮೂರನ್ನು ಆ ತುಂಡು ತಂತಿಯಿಂದ ಸೇರಿಸಿ. ಪುಟ್ಟಿ ಅಥವಾ ಟೆರಾ ಟರ್ಮ್ ಥರದ ಉಚಿತ ಟರ್ಮಿನಲ್ ತಂತ್ರಾಂಶವನ್ನು ತೆರೆದು ಏನಾದರೂ ಟೈಪ್ ಮಾಡಿ. ಮೂರರಿಂದ ಹೊರಟದ್ದು ಎರಡಕ್ಕೆ ವಾಪಸಾಗಿ, ಟೈಪ್ ಮಾಡಿದ್ದೇ ಪರದೆಯ ಮೇಲೆ ಕಾಣಬೇಕು. ತಂತಿ ತೆಗೆದರೆ ಕಾಣಬಾರದು. ಕಂಡಿತೆಂದರೆ ಕಂಪ್ಯೂಟರು, ಡ್ರೈವರ್, ಪೋರ್ಟಿನ ಹೆಸರು, ಅಲ್ಲಿಯವರೆಗಿನ ಕೇಬಲ್ ಎಲ್ಲಕ್ಕೂ ಒಂದೇ ಏಟಿಗೆ ಕ್ಲೀನ್ ಚಿಟ್.

ಎರಡನೆಯದಕ್ಕೆ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳುವ ಹಳದಿ ಬಣ್ಣದ ಸಾದಾ ಮೀಟರು ಸಾಕು. ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ತಕ್ಕಡಿಯ ಐದನೆಯ ಪಿನ್ನಿಗೆ, ಕೆಂಪು ಮೊನೆಯನ್ನು ಎರಡಕ್ಕೊಮ್ಮೆ, ಮೂರಕ್ಕೊಮ್ಮೆ ಹಿಡಿಯಿರಿ. ತಕ್ಕಡಿ ಚಾಲೂ ಇರಬೇಕು, ಕೇಬಲ್ ಬಿಚ್ಚಿರಬೇಕು. ಸುಮ್ಮನಿರುವಾಗ ಕಳಿಸುವ ತಂತಿ ಮೈನಸ್‌ನಲ್ಲಿ ನಿಂತಿರುತ್ತದೆ ಎಂದು ಆಗ ಹೇಳಿದೆನಲ್ಲ. ಒಂದು ಪಿನ್ ಮೈನಸ್ 5ರಿಂದ ಮೈನಸ್ 12ರ ನಡುವೆ ಏನಾದರೂ ತೋರಿಸುತ್ತದೆ, ಇನ್ನೊಂದು ಸೊನ್ನೆಯ ಆಸುಪಾಸು. ಮೈನಸ್ ತೋರಿಸಿದ್ದೇ ತಕ್ಕಡಿಯ ಬಾಯಿ. ಅದು ಎರಡನೆಯ ಪಿನ್ ಆಗಿದ್ದರೆ, ಕಂಪ್ಯೂಟರಿನ ಕಿವಿಯೂ ಎರಡೇ ಆದ್ದರಿಂದ ನೇರ ಕೇಬಲ್ ನಡೆಯುತ್ತದೆ. ಮೂರನೆಯದಾಗಿದ್ದರೆ ಎರಡೂ ಯಂತ್ರದ ಬಾಯಿ ಮೂರು; ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದಂತೆ. ಆಗ ಬೇಕಾದ್ದು ಎರಡು-ಮೂರನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್. ಟರ್ಮಿನಲ್ಲೋ ಮೋಡೆಮ್ಮೋ ಎಂಬ ಅರವತ್ತು ವರ್ಷದ ಹಳೆಯ ಗೊಂದಲಕ್ಕೆ ಮೀಟರು ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತದೆ. ಅಂಗಡಿಯಲ್ಲಿ ಎರಡೂ ಕೇಬಲ್ ಹೊರಗಿನಿಂದ ಒಂದೇ ಥರ ಕಾಣುವುದರಿಂದ, ತಂದ ದಿನವೇ ಅದರ ಮೇಲೆ ‘ನೇರ’, ‘ಕ್ರಾಸ್’ ಎಂದು ಬರೆದಿಡುವುದು ಜಾಣತನ.

ಮೀಟರು ಮೈನಸ್ ಬದಲು ಪ್ಲಸ್ 3.3 ಅಥವಾ ಪ್ಲಸ್ 5 ತೋರಿಸಿದರೆ ಅಲ್ಲೇ ನಿಲ್ಲಿ. ಅದು ಆರ್‌ಎಸ್-232 ಅಲ್ಲ, ಚಿಪ್ಪಿನಿಂದ ನೇರ ಹೊರಬಂದ ಸಂಕೇತ. ಆರ್ಡುಯಿನೊ, ಇಎಸ್‌ಪಿ ಥರದ ಬೋರ್ಡುಗಳದ್ದು ಹೀಗೆ. ಅಂಥದ್ದಕ್ಕೆ ಮೈನಸ್ 12 ವೋಲ್ಟ್ ತಾಗಿಸಿದರೆ ಬೋರ್ಡು ಸುಟ್ಟುಹೋಗಬಹುದು. ನಡುವೆ ಮ್ಯಾಕ್ಸ್232 ಜಾತಿಯ ಚಿಪ್ ಬೇಕು. 5 ವೋಲ್ಟಿನ ಒಂದೇ ಪೂರೈಕೆಯಿಂದ, ಕೆಲವು ಕೆಪಾಸಿಟರ್‌ಗಳ ನೆರವಿನಿಂದ ಪ್ಲಸ್ ಮತ್ತು ಮೈನಸ್ ಎರಡನ್ನೂ ಹುಟ್ಟಿಸುವ ಪುಟ್ಟ ಜಾದೂಗಾರ ಅದು.

ತಂತಿ ಸರಿ, ಸೆಟ್ಟಿಂಗ್ ಸರಿ, ಆದರೂ ಮೌನವೇ? ತಕ್ಕಡಿ ಅನುಮತಿಗಾಗಿ ಕಾಯುತ್ತಿರಬಹುದು. ಒಂಬತ್ತು ಪಿನ್ನುಗಳಲ್ಲಿ ಉಳಿದ ಆರು ಹುಟ್ಟಿದ್ದೇ ಈ ಶಿಷ್ಟಾಚಾರಕ್ಕೆ. ಏಳನೆಯದರಲ್ಲಿ ‘ಕಳಿಸಲೇ?’ ಎಂಬ ಪ್ರಶ್ನೆ, ಎಂಟನೆಯದರಲ್ಲಿ ‘ಕಳಿಸು’ ಎಂಬ ಉತ್ತರ. ಆ ತಂತಿಗಳೇ ಇಲ್ಲದ ಮೂರು ತಂತಿಯ ಕೇಬಲ್ ಹಾಕಿದ್ದರೆ, ತಕ್ಕಡಿ ಎಂದೂ ಬಾರದ ಉತ್ತರಕ್ಕೆ ಕಾಯುತ್ತ ಕೂರುತ್ತದೆ. ಮೆನುವಿನಲ್ಲಿ ಹ್ಯಾಂಡ್‌ಶೇಕ್ ಎಂಬುದನ್ನು ಆರಿಸಿ ಇಲ್ಲ ಎಂದು ಮಾಡಿ. ಆಗದಿದ್ದರೆ ತಕ್ಕಡಿಯ ಕಡೆ ಏಳು ಮತ್ತು ಎಂಟನ್ನು ಪರಸ್ಪರ ಸೇರಿಸಿಬಿಡಿ. ಅದರ ಪ್ರಶ್ನೆಗೆ ಅದೇ ಉತ್ತರ ಹೇಳಿಕೊಳ್ಳುತ್ತದೆ. ಮೋಸವೇ ಹೌದು, ಆದರೆ ಬಹುಕಾಲದಿಂದ ನಡೆದುಬಂದ ಮೋಸ. ಕೈಯಲ್ಲಿ ಹಿಡಿಯುವ ಕೆಲವು ಮಲ್ಟಿಮೀಟರ್‌ಗಳ ಕೇಬಲ್ಲಿನದು ಬೇರೆಯೇ ಕಥೆ: ಅದರೊಳಗಿನ ಬೆಳಕಿನ ಕೊಂಡಿಗೆ ವಿದ್ಯುತ್ತು ಸಿಗುವುದೇ ಕಂಪ್ಯೂಟರಿನ ನಾಲ್ಕು ಮತ್ತು ಏಳನೆಯ ಪಿನ್ನುಗಳಿಂದ. ತಂತ್ರಾಂಶ ಆ ಪಿನ್ನುಗಳನ್ನು ಸರಿಯಾದ ಸ್ಥಿತಿಗೆ ತರದಿದ್ದರೆ ಮೀಟರು ಕಿರುಚಿದರೂ ಕೇಳುವವರಿಲ್ಲ.

ಇಂದಿನ ಕಂಪ್ಯೂಟರುಗಳಲ್ಲಿ ಆ ಒಂಬತ್ತು ಪಿನ್ನು ಬಹುಪಾಲು ಮಾಯ. ಹೀಗಾಗಿ ನಡುವೆ ಯುಎಸ್‌ಬಿ ಪರಿವರ್ತಕ ಬರುತ್ತದೆ. ಅದನ್ನು ಚುಚ್ಚಿದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ 3, ಕಾಮ್ 7 ಎಂದು ಹೊಸ ಪೋರ್ಟು ಹುಟ್ಟುತ್ತದೆ. ನಿನ್ನೆ ಕಾಮ್ 3 ಆಗಿದ್ದದ್ದು ಇಂದು ಕಾಮ್ 5 ಆಗಿದ್ದರೆ ಭೂತಚೇಷ್ಟೆಯಲ್ಲ. ಅಗ್ಗದ ಪರಿವರ್ತಕಗಳ ಚಿಪ್ಪಿನಲ್ಲಿ ಪ್ರತ್ಯೇಕ ಕ್ರಮಸಂಖ್ಯೆ ಇರುವುದಿಲ್ಲ. ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದರೆ ವಿಂಡೋಸ್ ಅದನ್ನು ಬೇರೆ ಸಾಧನವೆಂದೇ ಬಗೆಯುತ್ತದೆ. ಡೇರಿಯಲ್ಲಿ ಕಸ ಗುಡಿಸಿದವರು ಕೇಬಲ್ ಕಿತ್ತು ಪಕ್ಕದ ಕಿಂಡಿಗೆ ಹಾಕಿದ್ದರೂ ಸಾಕು, ಬೆಳಿಗ್ಗೆ ತೂಕ ಬರುವುದಿಲ್ಲ. ಲಿನಕ್ಸಿನಲ್ಲಿ ಬಳಕೆದಾರರನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸದಿದ್ದರೆ ಪೋರ್ಟು ತೆರೆಯಲು ಅನುಮತಿಯೇ ಸಿಗದಿರಬಹುದು. ಪರಿವರ್ತಕಗಳಲ್ಲಿ ನಕಲಿ ಚಿಪ್ಪುಗಳ ಹಾವಳಿಯೂ ಉಂಟು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟಿನ ಜೊತೆ ಬಂದು, ತನ್ನ ಚಿಪ್ಪಿನ ನಕಲುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ ನಿಷ್ಕ್ರಿಯಗೊಳಿಸಿತು. ನಕಲಿ ಎಂದು ಗೊತ್ತಿಲ್ಲದೆ ಕೊಂಡವರ ಉಪಕರಣಗಳು ರಾತ್ರೋರಾತ್ರಿ ಮೂಕವಾದವು. ಗದ್ದಲವೆದ್ದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು.

ಕೊನೆಗೆ ತಂತ್ರಾಂಶ. ಇಲ್ಲಿ ಆಗುವ ತಪ್ಪು ಹೆಚ್ಚು ದುಬಾರಿ, ಏಕೆಂದರೆ ಅಂಕಿ ಬರುತ್ತದೆ, ಆದರೆ ತಪ್ಪು ಅಂಕಿ. ತಕ್ಕಡಿ ಒಂದು ಸಾಲು ಕಳಿಸಿದರೆ ಅದು ಇಡಿಯಾಗಿ ಒಂದೇ ಸಲ ಕೈಗೆ ಸಿಗುತ್ತದೆ ಎಂಬ ಖಾತರಿಯಿಲ್ಲ. 8.46 ಎಂಬುದು ‘8.’ ಆಗಿ ಒಮ್ಮೆ, ‘46’ ಆಗಿ ಇನ್ನೊಮ್ಮೆ ಬರಬಹುದು. ಬಂದದ್ದನ್ನು ಬಂದಂತೆಯೇ ನಂಬುವ ಪ್ರೋಗ್ರಾಂ ರೈತನ ಲೆಕ್ಕಕ್ಕೆ 46 ಕಿಲೊ ಹಾಲು ಬರೆದುಬಿಡುತ್ತದೆ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಅಕ್ಷರಗಳು ಇರುತ್ತವೆ, ಸಂಖ್ಯೆ 13 ಮತ್ತು 10: ಟೆಲಿಪ್ರಿಂಟರಿನಲ್ಲಿ ಒಂದು ಮುದ್ರಣದ ಗಾಡಿಯನ್ನು ಎಡಕ್ಕೆ ತಳ್ಳುತ್ತಿತ್ತು, ಇನ್ನೊಂದು ಕಾಗದವನ್ನು ಒಂದು ಸಾಲು ಮೇಲೇರಿಸುತ್ತಿತ್ತು. ಅವು ಬರುವವರೆಗೆ ತುಣುಕುಗಳನ್ನು ಕೂಡಿಟ್ಟುಕೊಂಡು, ಬಂದ ಮೇಲೆ ಇಡೀ ಸಾಲನ್ನು ಓದಬೇಕು. ನಾವು ಆದೇಶ ಕಳಿಸುವಾಗಲೂ ಇವೆರಡನ್ನೂ ಸೇರಿಸಬೇಕು. ಬರೀ ಎಸ್ ಕಳಿಸಿ ಕೈಕಟ್ಟಿ ಕೂತರೆ, ಮಾತು ಇನ್ನೂ ಮುಗಿದಿಲ್ಲವೆಂದು ತಕ್ಕಡಿಯೂ ಕೈಕಟ್ಟಿ ಕೂರುತ್ತದೆ.

ಉತ್ತರದಲ್ಲಿ ಅಂಕಿಯಷ್ಟೇ ಇರುವುದಿಲ್ಲ. ಮೆಟ್ಲರ್ ತಕ್ಕಡಿ ಎಸ್ ಎಂಬ ಆದೇಶಕ್ಕೆ ‘ಎಸ್ ಎಸ್ 100.00 ಜಿ’ ಎಂಬ ರೂಪದ ಸಾಲು ಕಳಿಸುತ್ತದೆ. ಎರಡನೆಯ ಎಸ್ ಎಂದರೆ ತೂಕ ಸ್ಥಿರವಾಗಿದೆ ಎಂದು. ತಕ್ಷಣದ ತೂಕ ಬೇಕೆಂದು ‘ಎಸ್ ಐ’ ಎಂದು ಕೇಳಿದಾಗ ಆ ಜಾಗದಲ್ಲಿ ಡಿ ಬಂದರೆ ಇನ್ನೂ ಓಲಾಡುತ್ತಿದೆ ಎಂದರ್ಥ. ಪ್ಲಸ್ ಚಿಹ್ನೆ ಬಂದರೆ ತಾಳಲಾರದಷ್ಟು ಭಾರ. ನಮ್ಮ ಮಾರುಕಟ್ಟೆಯ ಎಷ್ಟೋ ತೂಕದ ಯಂತ್ರಗಳು ಕೇಳುವವರೆಗೂ ಕಾಯದೆ ತೂಕವನ್ನು ಒಂದೇ ಸಮ ಒದರುತ್ತಲೇ ಇರುತ್ತವೆ. ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಾಲು ಸುರಿದ ಕ್ಷಣದಲ್ಲಿ ಪಾತ್ರೆ ಓಲಾಡುತ್ತದೆ, ಅಂಕಿ ಏರಿಳಿಯುತ್ತದೆ. ಸ್ಥಿರತೆಯ ಗುರುತನ್ನು ನೋಡದೆ ಮೊದಲು ಸಿಕ್ಕ ಅಂಕಿಯನ್ನು ಹಿಡಿದು ಚೀಟಿ ಮುದ್ರಿಸುವ ತಂತ್ರಾಂಶ ಬರೆದವರನ್ನು ಡೇರಿಯ ಸಾಲಿನಲ್ಲಿ ಕ್ಯಾನ್ ಹಿಡಿದು ನಿಲ್ಲಿಸಬೇಕು.

ವೇಬ್ರಿಡ್ಜಿನವರಿಗೆ ಒಂದು ಪ್ರತ್ಯೇಕ ಮಾತು. ಆರ್‌ಎಸ್-232 ಕೇಬಲ್ಲಿಗೆ ಹಳೆಯ ದಾಖಲೆ ಕೊಟ್ಟ ಮಿತಿ ಸುಮಾರು 15 ಮೀಟರ್. ನಿಧಾನ ವೇಗದಲ್ಲಿ ಇನ್ನಷ್ಟು ಎಳೆಯಬಹುದು, ಎಳೆದವರೂ ಇದ್ದಾರೆ. ಆದರೆ ಕಬ್ಬಿನ ಲಾರಿ ತೂಗುವ ಕಟ್ಟೆ ಒಂದು ಕಡೆ, ಆಫೀಸು ದೂರದ ಇನ್ನೊಂದು ಕಡೆ ಇದ್ದಾಗ ಎರಡು ಕಟ್ಟಡಗಳ ಅರ್ಥಿಂಗ್ ಒಂದೇ ಇರುವುದಿಲ್ಲ. ಆ ವ್ಯತ್ಯಾಸದ ವಿದ್ಯುತ್ತು ಹರಿಯುವುದು ನಮ್ಮ ಐದನೆಯ ಪಿನ್ನಿನ ಮೂಲಕ. ಗುಡುಗು-ಸಿಡಿಲಿನ ಕಾಲದಲ್ಲಿ ಪೋರ್ಟುಗಳು ಸಾಯುವುದು ಹೀಗೆ. ಅಂಥಲ್ಲಿ ಆರ್‌ಎಸ್-485 ಹಾಕಿಸಿ. ಅದು ಗ್ರೌಂಡಿಗೆ ಹೋಲಿಸದೆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನೇ ಓದುತ್ತದೆ, 1200 ಮೀಟರ್‌ವರೆಗೆ ಹೋಗುತ್ತದೆ. ಜೊತೆಗೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಐಸೊಲೇಟರ್ ಇದ್ದರೆ ಇನ್ನೂ ಕ್ಷೇಮ.

ಇಷ್ಟೆಲ್ಲ ರಗಳೆಯ ಪೋರ್ಟನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಆ್ಯಪಲ್ 1998ರ ಐಮ್ಯಾಕಿನಲ್ಲೇ ತನ್ನ ಸೀರಿಯಲ್ ಪೋರ್ಟನ್ನು ಕೈಬಿಟ್ಟಿತು. ಒಳ್ಳೆಯ ತಕ್ಕಡಿ ಮಾತ್ರ ಇಪ್ಪತ್ತು ವರ್ಷ ಬಾಳುತ್ತದೆ, ಅದರ ಪಕ್ಕದ ಕಂಪ್ಯೂಟರು ಅಷ್ಟರಲ್ಲಿ ನಾಲ್ಕು ಸಲ ಬದಲಾಗಿರುತ್ತದೆ. ಪ್ರತಿ ಬದಲಾವಣೆಯಲ್ಲೂ ತಯಾರಕರ ಡ್ರೈವರಿಗೆ ಕಾಯಬೇಕಿಲ್ಲ ಎಂಬುದು ಸಣ್ಣ ಲಾಭವಲ್ಲ. ಯುಎಸ್‌ಬಿ ಕಿಂಡಿ ಇರುವ ಎಷ್ಟೋ ಹೊಸ ಉಪಕರಣಗಳನ್ನು ಬಿಚ್ಚಿದರೂ ಒಳಗೆ ಸಿಗುವುದು ಸೀರಿಯಲ್ ಪರಿವರ್ತಕವೇ. ಕಂಪ್ಯೂಟರಿಗೆ ಅವು ಕಾಮ್ ಪೋರ್ಟಾಗಿಯೇ ಕಾಣುತ್ತವೆ. ತಂತಿಯಲ್ಲಿ ಹರಿಯುವುದು ಓದಬಲ್ಲ ಅಕ್ಷರಗಳಾದ್ದರಿಂದ, ಕೆಟ್ಟಾಗ ಸಾಮಾನ್ಯ ಟರ್ಮಿನಲ್ ತೆರೆದು ಯಾರು ಬೇಕಾದರೂ ಕದ್ದು ಕೇಳಬಹುದು. ಆಧುನಿಕ ಸಂಪರ್ಕಗಳಲ್ಲಿ ಈ ಪಾರದರ್ಶಕತೆ ಅಪರೂಪ.

ಜೋಡಣೆ ಮುಗಿದು ಮೊದಲ ತೂಕ ಪರದೆಯ ಮೇಲೆ ಬಂದ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಒಂದು ಚೀಟಿಯಲ್ಲಿ ವೇಗ, ಬಿಟ್‌ಗಳ ಸಂಖ್ಯೆ, ಪ್ಯಾರಿಟಿ, ಹ್ಯಾಂಡ್‌ಶೇಕ್ ಉಂಟೋ ಇಲ್ಲವೋ, ಕೇಬಲ್ ನೇರವೋ ಕ್ರಾಸೋ, ಯಾವ ಯುಎಸ್‌ಬಿ ಕಿಂಡಿ ಎಂಬುದನ್ನೆಲ್ಲ ಬರೆದು, ಮೇಲೆ ಪಾರದರ್ಶಕ ಟೇಪು ಹಚ್ಚಿ ತಕ್ಕಡಿಯ ಬೆನ್ನಿಗೆ ಅಂಟಿಸಿ. ತಂತಿ ಇದನ್ನು ಯಾರಿಗೂ ಹೇಳುವುದಿಲ್ಲ. ನಿಮ್ಮ ನಂತರ ಬರುವವರಿಗೆ ನೀವೇ ಹೇಳಬೇಕು.